ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಮೂರೇ ಗಂಟೆಯೇ?

ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟರೆ ಅದೇ ಸಂಜೆ 5ಕ್ಕೆ ಸ್ಯಾನ್ ಫ್ರಾನ್ಸಿಸ್ಕೊ! ನೇರ ವಿಮಾನದ ಟಿಕೆಟ್‌ನಲ್ಲಿ ಹೀಗೆ ಕಂಡದ್ದುಂಟು. ಸುಳ್ಳೇನಲ್ಲ, ಎರಡೂ ಆಯಾ ಊರಿನ ಗಡಿಯಾರದ ಸಮಯ. ಅಲ್ಲಿನ ಗಡಿಯಾರ ನಮಗಿಂತ ಬೇಸಿಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ. ದೂರ ಸುಮಾರು 14,000 ಕಿ.ಮೀ., ಹಾರಾಟ 16 ಗಂಟೆ ಆಸುಪಾಸು.

2021ರ ಜನವರಿಯಲ್ಲಿ ಅಲ್ಲಿಂದ ಬಂದ ಏರ್ ಇಂಡಿಯಾದ ಮೊದಲ ನೇರ ವಿಮಾನ ಉತ್ತರ ಧ್ರುವದ ಮೇಲೆ ಹಾದಿತ್ತು. ನಕ್ಷೆಯಲ್ಲಿ ಅದು ಸುತ್ತುದಾರಿ. ಗೋಲದ ಮೇಲೆ ದಾರ ಹಿಡಿದು ನೋಡಿ, ಅದೇ ಹತ್ತಿರ.

ಪಾಪಿನಾಯಕನಹಳ್ಳಿಯಿಂದ ಮಕ್ಕಳ ಮನೆಗೆ ಹೊರಡುವ ಹಿರಿಯರ ಲೆಕ್ಕ ನಾವು ಹಾಕಿದರೆ, ಬೆಂಗಳೂರಿನ ರಸ್ತೆ, ವಿಮಾನ ನಿಲ್ದಾಣದ ಕಾಯುವಿಕೆ ಸೇರಿ ಒಂದು ದಿನ ದಾಟುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ಮೊಬೈಲ್ ತೋರಿಸುವ ಹೊಸ ಸಮಯ ನೋಡಿ ಡೋಸ್ ಬಿಡುವುದೂ ಬೇಡ, ಎರಡು ಸಲ ಹಾಕಿಕೊಳ್ಳುವುದೂ ಬೇಡ. ಯಾವಾಗ, ಎಷ್ಟು ಎಂದು ಮೊದಲೇ ವೈದ್ಯರಿಂದ ಬರೆಸಿಕೊಳ್ಳಿ. ಔಷಧ ಕೈಚೀಲದಲ್ಲೇ ಇರಲಿ.