ಹೆಸರು ಒಂದು, ಕೆಲಸ ಇನ್ನೊಂದು

ಕ್ಷೀರಸಾಗರ ಭಟ್ಟರ ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲವೆಂಬ ಗಾದೆಯನ್ನು ನಾವೆಲ್ಲರೂ ಆಡಿ ನಕ್ಕವರೇ. ಆದರೆ ವೈದ್ಯರ ಚೀಟಿ ಕೈಗೆ ಬಂದೊಡನೆ ಆ ಗಾದೆಯನ್ನು ಮರೆತು ಬರಿಯ ಹೆಸರಿಗೆ ಬೆದರುತ್ತೇವೆ. ಪಿಸಿಓಎಸ್ ಎಂಬ ತೊಂದರೆಯಲ್ಲಿ ಈ ಬೆದರಿಕೆಯು ಹೆಣ್ಣುಮಕ್ಕಳ ಆರೋಗ್ಯಕ್ಕೇ ಎರವಾಗುವುದುಂಟು.

ಮೊದಲಿಗೆ, ರೋಗದ ಹೆಸರೇ ದಾರಿ ತಪ್ಪಿಸುವಂಥದು. ಶಿಕಾಗೋದ ವೈದ್ಯರಾದ ಸ್ಟೈನ್ ಮತ್ತು ಲೆವೆಂಥಾಲ್ 1935ರಲ್ಲಿ ಇದನ್ನು ವರ್ಣಿಸಿದರು. ಅಂಡಾಶಯದಲ್ಲಿ ಕಾಣುವ ‘ಗುಳ್ಳೆ’ಗಳು ನಿಜವಾಗಿ ಗುಳ್ಳೆಗಳಲ್ಲ, ಪಕ್ವವಾಗದೆ ನಡುವೆಯೇ ನಿಂತುಹೋದ, ಅಂಡವನ್ನು ಹೊತ್ತ ಕಿರುಚೀಲಗಳು. ದೋಷವಿರುವುದು ಹಾರ್ಮೋನುಗಳ ಸಮತೋಲದಲ್ಲಿ. ಋತುಸ್ರಾವ ತಪ್ಪುವುದು, ಮುಖದಲ್ಲಿ ಮೊಡವೆ, ಬೇಡದ ರೋಮ, ಇವೆಲ್ಲ ಅದರ ಫಲ.

ಇನ್ನು ಔಷಧಗಳು. ಮದುವೆಯಾಗದ ಮಗಳಿಗೆ ಗರ್ಭನಿರೋಧಕ ಗುಳಿಗೆಯೇ ಎಂದು ತಾಯಿ ಗಾಬರಿಯಾಗುತ್ತಾಳೆ. ಆದರೆ ಇಲ್ಲಿ ಆ ಗುಳಿಗೆಯ ಕೆಲಸವೇ ಬೇರೆ. ಅದು ಸ್ರಾವವನ್ನು ಕ್ರಮಕ್ಕೆ ತಂದು, ಪುರುಷ ಹಾರ್ಮೋನಿನ ಪ್ರಭಾವವನ್ನು ತಗ್ಗಿಸುತ್ತದೆ. ತಿಂಗಳುಗಟ್ಟಲೆ ಸ್ರಾವವಿಲ್ಲದಿದ್ದರೆ ಗರ್ಭಕೋಶದ ಒಳಪದರವು ದಪ್ಪಗಟ್ಟಿ, ಮುಂದೆ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ಗುಳಿಗೆ ಅದನ್ನೂ ತಡೆಯುತ್ತದೆ. ಇದರಿಂದ ಮುಂದೆ ಬಂಜೆತನ ಬರುವುದೆಂಬುದು ಸುಳ್ಳು. ಆದರೆ ರಕ್ತ ಹೆಪ್ಪುಗಟ್ಟಿದ ಇತಿಹಾಸ, ಏರಿದ ರಕ್ತದೊತ್ತಡ, ಕಣ್ಣಿಗೆ ಮಿಂಚು ಕಾಣಿಸುವ ಅರೆತಲೆನೋವು ಇದ್ದವರಿಗೆ ಇದು ಸಲ್ಲದು.

ಮೆಟ್‌ಫಾರ್ಮಿನ್ ಸಕ್ಕರೆ ರೋಗದ ಔಷಧವೆಂದು ಪ್ರಸಿದ್ಧ. ಸಕ್ಕರೆ ರೋಗವಿಲ್ಲದ ಹುಡುಗಿಗೂ ಅದನ್ನು ಕೊಡುವುದುಂಟು. ಏಕೆಂದರೆ ಇಂಥವರಲ್ಲಿ ಅನೇಕರ ದೇಹವು ಇನ್ಸುಲಿನ್ನಿಗೆ ಸರಿಯಾಗಿ ಓಗೊಡುವುದಿಲ್ಲ. ಮೊದಮೊದಲು ಹೊಟ್ಟೆ ಕೆಡುವುದುಂಟಾದ್ದರಿಂದ ಊಟದೊಡನೆ, ಅಲ್ಪ ಪ್ರಮಾಣದಿಂದ ಆರಂಭಿಸುತ್ತಾರೆ.

ಸ್ಪೈರೊನೊಲ್ಯಾಕ್ಟೋನ್ ರಕ್ತದೊತ್ತಡಕ್ಕೆಂದು ಬಂದದ್ದು. ಇಲ್ಲಿ ರೋಮವನ್ನು ತಗ್ಗಿಸಲು ನೆರವಾಗುತ್ತದೆ. ಫಲ ಕಾಣಲು ಆರು ತಿಂಗಳಾದರೂ ಬೇಕು. ಗರ್ಭದಲ್ಲಿರುವ ಗಂಡುಶಿಶುವಿಗೆ ಹಾನಿಯಾಗಬಹುದಾದ್ದರಿಂದ, ಇದನ್ನು ಸೇವಿಸುವಾಗ ಗರ್ಭ ನಿಲ್ಲದಂತೆ ಎಚ್ಚರಿಕೆ ಅವಶ್ಯ.

ಸಂತಾನ ಬಯಸುವವರಿಗೆ ಕೊಡುವ ಲೆಟ್ರೊಜೋಲ್ ಸ್ತನದ ಕ್ಯಾನ್ಸರಿನ ಔಷಧ! ನಮ್ಮ ಕೇಂದ್ರ ಸರಕಾರವೂ 2011ರಲ್ಲಿ ಸಂತಾನ ಚಿಕಿತ್ಸೆಗೆ ಇದನ್ನು ನಿಷೇಧಿಸಿ, 2017ರಲ್ಲಿ ಆ ನಿಷೇಧವನ್ನು ಹಿಂತೆಗೆಯಿತು. 2014ರಲ್ಲಿ ಅಮೆರಿಕದಲ್ಲಿ 750 ಸ್ತ್ರೀಯರ ಮೇಲೆ ನಡೆದ ಪರೀಕ್ಷೆಯ ವರದಿ ಹೊರಬಂದಿತು. ಹಳೆಯ ಕ್ಲೋಮಿಫೀನ್ ಪಡೆದವರಲ್ಲಿ ಶೇಕಡ 19.1 ಮಂದಿ ಮಗುವನ್ನು ಹೆತ್ತರೆ, ಇದನ್ನು ಪಡೆದವರಲ್ಲಿ ಶೇಕಡ 27.5 ಮಂದಿ ಹೆತ್ತರು. ಇಂದು ಅಂಡೋತ್ಪತ್ತಿಗೆ ಇದೇ ಮೊದಲ ಆಯ್ಕೆ.

ಇವುಗಳಲ್ಲಿ ಯಾವುದೂ ರೋಗವನ್ನು ಬೇರುಸಹಿತ ಕೀಳುವುದಿಲ್ಲ, ಮದುವೆಯೂ ಕೀಳುವುದಿಲ್ಲ. ಹಿತವಾದ ಆಹಾರ, ವ್ಯಾಯಾಮ ಎಲ್ಲಕ್ಕೂ ಅಡಿಪಾಯ. ವರ್ಷಕ್ಕೊಮ್ಮೆ ರಕ್ತದೊತ್ತಡ, ಒಂದರಿಂದ ಮೂರು ವರ್ಷಕ್ಕೊಮ್ಮೆ ಸಕ್ಕರೆಯ ಪರೀಕ್ಷೆ ತಪ್ಪಬಾರದು. ಹುಡುಗಿಯ ಮನಸ್ಸು ಕುಗ್ಗಿದ್ದರೆ ಅದನ್ನೂ ವೈದ್ಯರ ಮುಂದಿಡಬೇಕು.

ಆದ್ದರಿಂದ, ತಾಯಂದಿರೇ, ಚೀಟಿಯಲ್ಲಿನ ಹೆಸರು ಕಂಡು ಅದನ್ನು ಮಡಚಿಡಬೇಡಿ. ‘ಇದು ನನ್ನ ಮಗಳಿಗೆ ಯಾವ ಕೆಲಸಕ್ಕೆ, ಎಷ್ಟು ಕಾಲ?’ ಎಂದು ವೈದ್ಯರನ್ನೇ ಕೇಳಿ. ಉತ್ತರವನ್ನು ಮಗಳೂ ಕೇಳಿಸಿಕೊಳ್ಳಲಿ. ಗುಳಿಗೆ ನುಂಗಬೇಕಾದವಳು ಅವಳು.