ಕೊಲೊನೋಸ್ಕೋಪಿ: ಮುಜುಗರ ಬಿಡಿ, ತಯಾರಿ ಮಾಡಿಕೊಳ್ಳಿ

ಮಲದಲ್ಲಿ ರಕ್ತ ಕಂಡರೆ ನಮ್ಮ ಹೆಣ್ಣುಮಕ್ಕಳು ಮೊದಲು ಮಾಡುವುದು, ಯಾರಿಗೂ ಹೇಳದೇ ಇರೋದು. ಆಮೇಲೆ 'ಉಷ್ಣ ಆಗಿದೆ, ಮೂಲವ್ಯಾಧಿ ಇರಬೇಕು' ಅಂತ ತಾವೇ ತೀರ್ಮಾನಿಸಿ ಮಜ್ಜಿಗೆ ಕುಡಿಯೋದು. ಬಹಳ ಸಲ ಅದು ಮೂಲವ್ಯಾಧಿಯೇ, ನಿಜ. ಆದರೆ ಮುಟ್ಟು ನಿಂತ ಮೇಲೂ ಹಿಮೋಗ್ಲೋಬಿನ್ ಇಳಿಯುತ್ತಿದೆ, ಕಬ್ಬಿಣದ ಮಾತ್ರೆ ನುಂಗಿದರೂ ಏರುತ್ತಿಲ್ಲ ಎಂದರೆ ರಕ್ತ ಎಲ್ಲಿ ಹೋಗುತ್ತಿದೆ ಎಂದು ಹುಡುಕಲೇಬೇಕು. ವೈದ್ಯರು ಕೊಲೊನೋಸ್ಕೋಪಿ ಬರೆಯೋದು ಅದಕ್ಕೇ.

ಕ್ಯಾಮೆರಾ ಇರುವ ಬಾಗುವ ಕೊಳವೆಯನ್ನು ಗುದದ್ವಾರದಿಂದ ಒಳಬಿಟ್ಟು, ಸುಮಾರು 5 ಅಡಿ ಉದ್ದದ ದೊಡ್ಡ ಕರುಳನ್ನು ನೋಡುತ್ತಾರೆ. ಸಾಮಾನ್ಯವಾಗಿ ಮಂಪರು ಬರುವ ಇಂಜೆಕ್ಷನ್ ಕೊಡುತ್ತಾರೆ. ಅರ್ಧ ಗಂಟೆಯ ಕೆಲಸ. ಪಾಲಿಪ್ ಎನ್ನುವ ಸಣ್ಣ ಗಂಟು ಸಿಕ್ಕರೆ ಹೆಚ್ಚಾಗಿ ಅಲ್ಲೇ ತೆಗೆದುಬಿಡುತ್ತಾರೆ. ಕೆಲವು ಪಾಲಿಪ್‌ಗಳು ಸುಮಾರು 10 ವರ್ಷದಲ್ಲಿ ಕ್ಯಾನ್ಸರ್ ಆಗಬಲ್ಲವು. ಕರುಳಿಗೆ ತೂತು ಬೀಳುವ ಅಪಾಯ 1000ಕ್ಕೆ ಒಬ್ಬರಿಗೋ ಅದಕ್ಕೂ ಕಡಿಮೆಯೋ.

ನಿಜವಾದ ಕಷ್ಟ ಕೊಳವೆಯದಲ್ಲ, ಹಿಂದಿನ ದಿನದ್ದು. 2 ಲೀಟರೋ ಇನ್ನೂ ಹೆಚ್ಚೋ ಭೇದಿ ಔಷಧಿಯ ನೀರು ಕುಡಿಯಬೇಕು. ಮನೆಯಲ್ಲಿದ್ದವರು ಹೇಗೋ ನಿಭಾಯಿಸುತ್ತಾರೆ. ವಾರ್ಡಿನಲ್ಲಿ ಮಲಗಿದವರ ಪಾಡು ಬೇರೆ. ಕೈಗೆ ಡ್ರಿಪ್, ಶೌಚಾಲಯ ದೂರ, ಎಬ್ಬಿಸಲು ಸೊಸೆಯನ್ನು ಕರೆಯಬೇಕು, ಅಕ್ಕಪಕ್ಕದವರು ಏನಂದುಕೊಂಡಾರು! ಹಾಗಾಗಿ ಅರ್ಧ ಕುಡಿದು ಉಳಿದದ್ದನ್ನು ಚೆಲ್ಲುವವರಿದ್ದಾರೆ. ಅಡ್ಮಿಟ್ ಆದವರಲ್ಲಿ ಕರುಳು ಸರಿಯಾಗಿ ಶುಚಿಯಾಗದಿರುವುದು ಮನೆಯಿಂದ ಬಂದವರಿಗಿಂತ ಹೆಚ್ಚು. ಕೊಳೆ ಉಳಿದರೆ ಗಂಟು ಕಾಣದು. 'ಏನೂ ಇಲ್ಲ' ಅನ್ನುವ ವರದಿ ಹಿಡಿದು ನೆಮ್ಮದಿಯಿಂದ ಮನೆಗೆ ಬರುತ್ತೀರಿ, ಗಂಟು ಒಳಗೇ ಬೆಳೆಯುತ್ತದೆ. ಆದ್ದರಿಂದ ಶೌಚಾಲಯದ ಹತ್ತಿರದ ಹಾಸಿಗೆ ಅಥವಾ ಕಮೋಡ್ ಕುರ್ಚಿ ಕೊಡಿ ಅಂತ ಬಾಯಿಬಿಟ್ಟು ಕೇಳಿ. ಇದನ್ನು ರೋಗಿ ಕೇಳುವ ತನಕ ಕಾಯುವ ವಾರ್ಡಿನದೇ ತಪ್ಪು, ನಿಮ್ಮದಲ್ಲ.

ಶಿವಮೊಗ್ಗದ ಮೆಗ್ಗಾನ್‌ಗೋ ಬೇರೆ ಆಸ್ಪತ್ರೆಗೋ ರೆಫರ್ ಆದ ಭದ್ರಾವತಿಯವರಿಗೆ ಇನ್ನೊಂದು ಪೇಚಾಟ. ಔಷಧಿಯನ್ನು ಎರಡು ಸಲಕ್ಕೆ ಹಂಚಿ, ಎರಡನೆಯದನ್ನು ಪರೀಕ್ಷೆಗೆ 4-6 ಗಂಟೆ ಮೊದಲು ಶುರುಮಾಡಿದರೆ ಕರುಳು ಚೆನ್ನಾಗಿ ಶುಚಿಯಾಗುತ್ತದೆ. ಅದನ್ನು ಕುಡಿದು ಸುಮಾರು 20 ಕಿಲೋಮೀಟರ್ ಬಸ್ಸಿನಲ್ಲಿ ಕೂರಲಿಕ್ಕೆ ಆಗುತ್ತಾ? ಹಿಂದಿನ ಸಂಜೆಯೇ ಶಿವಮೊಗ್ಗದ ನೆಂಟರ ಮನೆ ಸೇರಿಕೊಳ್ಳಿ, ಇಲ್ಲವೇ ಮಧ್ಯಾಹ್ನದ ಸಮಯ ಕೇಳಿ. ಮಂಪರು ಇರುತ್ತದೆ, ವಾಪಸ್ ಬರುವಾಗ ಒಬ್ಬರು ಜತೆಗಿರಲಿ.

ಎರಡು ಮೂರು ದಿನ ಮೊದಲೇ ಸೊಪ್ಪು, ರಾಗಿಮುದ್ದೆ, ಬೀಜವಿರುವ ಸೀಬೆ-ಟೊಮೆಟೊ ಬಿಡಿ. ಕಬ್ಬಿಣದ ಮಾತ್ರೆ ಮಲವನ್ನು ಕಪ್ಪಾಗಿ ಅಂಟಿಸುತ್ತದೆ, ವಾರ ಮೊದಲು ನಿಲ್ಲಿಸಬೇಕೇ ಎಂದು ವೈದ್ಯರನ್ನು ಕೇಳಿ. ಸಕ್ಕರೆ ಕಾಯಿಲೆಯ ಔಷಧಿ, ರಕ್ತ ತೆಳು ಮಾಡುವ ಮಾತ್ರೆಗಳನ್ನು ಮಾತ್ರ ನೀವಾಗಿ ಮುಟ್ಟಬೇಡಿ. ಕೊನೆಗೆ ಹೋಗುವುದು ತಿಳಿ ಹಳದಿ ನೀರಿನಂತಿರಬೇಕು. ಇನ್ನೂ ಕಂದು ಬಣ್ಣವಿದ್ದರೆ ನಾಚಿಕೆ ಬಿಟ್ಟು ನರ್ಸಿಗೆ ಹೇಳಿ.

ಪರೀಕ್ಷೆಯ ನಂತರ ಹೊಟ್ಟೆಯಲ್ಲಿ ತಡೆಯಲಾಗದ ನೋವು, ಜ್ವರ, ಹೆಚ್ಚು ರಕ್ತ ಕಂಡರೆ ತಕ್ಷಣ ಆಸ್ಪತ್ರೆಗೆ ವಾಪಸ್ ಹೋಗಿ. ಕೊಳವೆ ದೊಡ್ಡ ಕರುಳಿನ ತುದಿಯವರೆಗೆ ಹೋಯಿತೇ, ಕರುಳು ಶುಚಿಯಾಗಿತ್ತೇ, ಇವೆರಡೂ ವರದಿಯಲ್ಲಿರಬೇಕು. 'ಇಲ್ಲ' ಎಂದಿದ್ದರೆ ಮತ್ತೆ ಯಾವಾಗ ಬರಬೇಕು ಎಂದು ಕೇಳಿ, ದಿನಾಂಕ ಬರೆಸಿಕೊಂಡೇ ಹೊರಡಿ.