ತಿಂಥಣಿಯನ್ನು ದಾಟಿಹೋಗುವವರು

ನಮ್ಮ ಪ್ರವಾಸಸಾಹಿತಿಗಳಿಗೆ ಹೊಳೆಯ ದಂಡೆಯ ಊರೆಂದರೆ ಪರಮಪ್ರಿಯ. ಹೊಳೆ ಮಾತ್ರ ಫ್ರಾನ್ಸಿನದಾಗಿರಬೇಕು. ತಾರ್ನ್ ನದಿಯ ಬದಿಯ ಮ್ವಾಸಾಕ್ ಎಂಬ ಪುಟ್ಟ ಊರಿಗೆ ಹೋಗಿಬಂದವರು ಅಲ್ಲಿಯ ಕ್ರೈಸ್ತ ಮಠದ 76 ಬೋದಿಗೆಗಳನ್ನು ಒಂದೊಂದಾಗಿ ಬಣ್ಣಿಸಬಲ್ಲರು. ಬಣ್ಣಿಸಲಿ, ಸಂತೋಷ. ಆದರೆ ಲಿಂಗಸುಗೂರಿನಿಂದ ಸುರಪುರಕ್ಕೆ ಬರುವ ಬಸ್ಸು ಕೃಷ್ಣೆಯ ಸೇತುವೆ ದಾಟುವಾಗ ಅದೇ ಮಹನೀಯರು ಕಿಟಕಿ ಮುಚ್ಚಿ ನಿದ್ದೆಹೋಗಿರುತ್ತಾರೆ. ತಿಂಥಣಿ ಹಿಂದಾಗುತ್ತದೆ. ಸುರಪುರದಲ್ಲಿ ಇಳಿದ ಮೇಲೆ ಅವರು ವಿಚಾರಿಸುವುದು ಟೇಲರ್ ಮಂಜಿಲ್ ಎಲ್ಲಿದೆ ಎಂದು. ನಮ್ಮ ನಾಡಿನ ಹೊಸ್ತಿಲು ದಾಟಲೂ ಒಬ್ಬ ಆಂಗ್ಲನ ಕೈ ಹಿಡಿಯಬೇಕು!

ತಿಂಥಣಿಯ ಮೌನೇಶ್ವರನನ್ನು ಜನ ಮೋನಪ್ಪಯ್ಯ ಎನ್ನುತ್ತಾರೆ. ವಿಶ್ವಕರ್ಮರ ಮನೆಯಲ್ಲಿ ಹುಟ್ಟಿದವನು, 'ಬಸವಣ್ಣ' ಎಂಬ ಅಂಕಿತದಲ್ಲಿ ವಚನ ನುಡಿದವನು. ಅವನ ಜಾತ್ರೆಯ ಜಯಘೋಷ ಕೇಳಿದವರಿಗೆ ಗೊತ್ತು, ಅದರಲ್ಲಿ ಪೀರರ ಎಣಿಕೆಯುಂಟು, ಮೌನುದ್ದೀನ್ ಎಂಬ ಹೆಸರುಂಟು. ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಗದ್ದುಗೆ ಅದು. ನಮ್ಮ ಸಾಹಿತ್ಯಚರಿತ್ರೆಗಳು ಹನ್ನೆರಡನೆಯ ಶತಮಾನದ ಶರಣರಿಗೆ ಕೊಟ್ಟ ಪುಟಗಳೆಷ್ಟು, ಈತನಿಗೆ ಕೊಟ್ಟ ಸಾಲುಗಳೆಷ್ಟು? ಓದುಗರೇ ಎಣಿಸಿ ನೋಡಬಹುದು.

ಮರೆತವರನ್ನಾದರೂ ಕ್ಷಮಿಸಬಹುದು. ನೆನಪಿಟ್ಟುಕೊಂಡು ಅರ್ಧವನ್ನು ಅಳಿಸುವವರ ಪಾಂಡಿತ್ಯ ಇನ್ನೂ ಅಪಾಯದ್ದು. ಒಬ್ಬರಿಗೆ ಮೌನೇಶ್ವರ ಸಾಕು, ಮೌನುದ್ದೀನ್ ಬೇಡ. ಇನ್ನೊಬ್ಬರಿಗೆ ಅದರ ತಿರುಗುಮುರುಗು. ಘೋಷ ಹಾಕುವ ರೈತನಿಗೆ ಇಲ್ಲದ ತೊಡಕು ಅಡಿಟಿಪ್ಪಣಿ ಬರೆಯುವವರಿಗೆ ಎಲ್ಲಿಂದ ಬಂತೋ ಕಾಣೆ.

"ಊರು ಚಿಕ್ಕದು, ಸೌಕರ್ಯವಿಲ್ಲ" ಎಂಬ ಸಬೂಬು ಕೇಳಿಬರುತ್ತದೆ. ಮ್ವಾಸಾಕ್ ದೊಡ್ಡ ಊರೇನು? 1850ರ ದಶಕದಲ್ಲಿ ಅಲ್ಲಿ ರೈಲುದಾರಿಗಾಗಿ ಮಠದ ಊಟದ ಮನೆಯನ್ನೇ ಕೆಡವಿದರು. ಕಂಬಸಾಲಿನ ಅಂಗಳ ಮಾತ್ರ ಉಳಿಯಿತು. ಅದು ಹೋಗಕೂಡದೆಂದು ಹಟ ಹಿಡಿದವರಿದ್ದರು. 1930ರ ಮಾರ್ಚಿಯಲ್ಲಿ ತಾರ್ನ್ ಉಕ್ಕಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ಊರು ಮತ್ತೆ ಎದ್ದಿತು. 1998ರಲ್ಲಿ ಆ ಮಠ ಯುನೆಸ್ಕೋ ಪಟ್ಟಿ ಸೇರಿತು. ಅಲ್ಲಿಂದ ತರಬೇಕಾದದ್ದು ಬೋದಿಗೆಯ ವರ್ಣನೆಯಲ್ಲ, ಆ ಹಟ.

ಸುರಪುರ, ಶಹಾಪುರದ ಕಡೆಯ ಹುಡುಗರು ನನ್ನ ತರಗತಿಯಲ್ಲಿ ಕೂಡುತ್ತಾರೆ. ಕಲ್ಯಾಣದ ಶರಣರ ವಚನಗಳು ಅವರಿಗೆ ಬಾಯಿಪಾಠ. ಮನೆಯಲ್ಲಿ ಅಜ್ಜಿ ಹಾಡುವ ಮೋನಪ್ಪಯ್ಯನ ಪದ ಸಾಹಿತ್ಯವೆಂದು ಅವರಿಗೆ ಯಾರೂ ಹೇಳಿಲ್ಲ. ನಾನೂ ಬಹುಕಾಲ ಹೇಳಿರಲಿಲ್ಲ. ಮುಂದೆ ಪಠ್ಯಸಮಿತಿ ಕೂಡಿದಾಗ ಒಬ್ಬರಾದರೂ ಈ ಮಾತೆತ್ತಲಿ. ಮೌನೇಶ್ವರ, ಮೌನುದ್ದೀನ್ ಎರಡು ಹೆಸರನ್ನೂ ಒಂದೇ ಪುಟದಲ್ಲಿ ಅಚ್ಚು ಹಾಕಲಿ.